ನೀರೆರೆದವಳ ಪಾಲು

ನೈಲ್ ನದಿಗೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ಆ ಮಹಾಜಲರಾಶಿಯ ಮೇಲೆ ಸಂಜೆಯ ಹೊಂಬಿಸಿಲು ಕರಗಿ ಹರಡಿತ್ತು. ದಡದ ಮರಳುದಿಣ್ಣೆಗಳು ಅರುಣಕಾಂತಿಯಲ್ಲಿ ಮಿಂದು ಮೌನವಾಗಿದ್ದವು... ಆಹಾ, ಎಂಥ ಶಾಂತಿ! ಆದರೆ ಸಹೃದಯರೇ, ಆ ಶಾಂತಿಯ ತಳದಲ್ಲಿ ನೂಬಿಯ ನಾಡಿನ ಎಷ್ಟೋ ಹಳ್ಳಿಗಳು ಮುಳುಗಿ ಮಲಗಿದ್ದವು. ಅವುಗಳ ನೆನಪಿಗೆಂದು ಜಾಲಿ, ಖರ್ಜೂರಗಳ ನಡುವೆ ಅರ್ಧ ಮೈಲಿಯ ಕಾಲುದಾರಿ ಮಾಡಿ, ಮರಮರಕ್ಕೂ ಫಲಕ ನೆಟ್ಟು, ಅಂದು ಜನರಿಗೆ ತೆರೆದಿದ್ದರು.

ಕೊನೆಯ ಖರ್ಜೂರದ ಕೆಳಗೆ ಎಪ್ಪತ್ತೆರಡರ ಫಿಕ್ರಿ ನಿಂತಿದ್ದ. ಮುಳುಗುವ ಊರಿನ ತಾಯಿಮರದ ಬುಡದಿಂದ ಅದನ್ನು ಮರಿಸಸಿಯಾಗಿ ಎದೆಗವಚಿ ತಂದವನು ಅವನೇ. ಫಲಕದಲ್ಲಿದ್ದುದೂ ಅವನ ಹೆಸರೊಂದೇ. ಅಷ್ಟರಲ್ಲಿ ಮೊಮ್ಮಗಳ ಕೈಹಿಡಿದು ಬಂದವಳು ನಬ್ರಾ! ಐವತ್ತು ವರ್ಷ ಯಾವ ಮುಖಕ್ಕಾಗಿ ಹಂಬಲಿಸಿ, ಯಾವ ಮುಖಕ್ಕೆ ಹೆದರಿ ತಲೆತಪ್ಪಿಸಿಕೊಂಡಿದ್ದನೋ ಅದೇ ಮುಖ... ನೆಲ ಬಾಯಿಬಿಡಬಾರದೇ ಎನಿಸಿತು ಅವನಿಗೆ.

ಅವರ ಊರಿನ ವಾಡಿಕೆಯಲ್ಲಿ ಖರ್ಜೂರದ ಮರ ಒಬ್ಬರ ಸ್ವತ್ತಲ್ಲ. ನೆಲ ಕೊಟ್ಟವರಿಗೊಂದು ಪಾಲು, ಸಸಿ ನೆಟ್ಟವರಿಗೊಂದು, ನೀರೆರೆದವರಿಗೊಂದು. ತಾಯಿಮರದ ನೆಲ ಫಿಕ್ರಿಯ ಅಪ್ಪನದು, ನೆಟ್ಟವನು ಫಿಕ್ರಿ, ಐದು ಬೇಸಿಗೆ ಕೊಡ ಹೊತ್ತವಳು ನಬ್ರಾ. ಆ ಇಬ್ಬರ ಮದುವೆಗೆ ಊರೇ ಕಾದಿತ್ತು. ಒಕ್ಕಲೆಬ್ಬಿಸುವ ಮುನ್ನ ಪರಿಹಾರಕ್ಕೆಂದು ಮರಗಳನ್ನು ಬರೆದುಕೊಳ್ಳಲು ಬಂದ ಗುಮಾಸ್ತ "ಯಾರದಯ್ಯಾ ಈ ಮರ?" ಎಂದಾಗ, ದೊಡ್ಡಮನುಷ್ಯನಾಗುವ ಚಪಲಕ್ಕೆ ಫಿಕ್ರಿ "ನಂದೇ" ಎಂದುಬಿಟ್ಟ. ತುಂಬಿದ ಕೊಡದೊಡನೆ ಹಿಂದೆಯೇ ನಿಂತಿದ್ದಳು ನಬ್ರಾ! ಕೊಡವನ್ನು ಅಲ್ಲೇ ಇಳಿಸಿ ಹೊರಟುಹೋದಳು, ಹೊಸ ನೆಲೆಯಲ್ಲಿ ಬೇರೊಬ್ಬನ ಕೈಹಿಡಿದಳು.

"ಅಜ್ಜೀ, ಇದು ಫಿಕ್ರಿ ಅನ್ನೋರದಂತೆ!" ಎಂದಳು ಫಲಕ ಓದಿದ ಮೊಮ್ಮಗಳು.

"ಇನ್ನೊಂದು ಹೆಸರಿದ್ಯಾ ನೋಡೇ."

"ಇಲ್ಲಜ್ಜಿ."

ಫಿಕ್ರಿಯ ಮುಖ ಕಪ್ಪಿಟ್ಟಿತು. "ನಬ್ರಾ... ಫಲಕ ಬರ್ಸೋವಾಗ್ಲೂ ಕೇಳಿದ್ರು. ಅವತ್ತು ದೊಡ್ಡಸ್ತಿಕೆ, ಈ ಸಲ ನಾಚಿಕೆ. ನಿನ್ನ ಹೆಸರು ಹೇಳಿದ್ರೆ ಹಳೇದೆಲ್ಲಾ ಹೇಳ್ಬೇಕಲ್ಲ..."

"ಚೆನ್ನಾಗಿದೆ ಕಣಯ್ಯಾ! ಕಳ್ಳತನ ಮುಚ್ಚೋಕೆ ಇನ್ನೊಂದ್ಸಲ ಕದ್ಯಾ?"

ನೆರೆದವರೆಲ್ಲ ತಿರುಗಿ ನೋಡಿದರು. ಫಿಕ್ರಿ ರುಮಾಲು ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದ: "ಇದರ ತಾಯಿಗೆ ನೀರೆರೆದವಳು ಇವಳು. ಮರ ನಂದೊಬ್ಬಂದೇ ಅಂತ ಸುಳ್ಳು ಹೇಳಿದೆ." ಆಮೇಲೆ ಉದುರಿದ ಹಣ್ಣುಗಳನ್ನು ಆಯ್ದು ಅವಳ ಮುಂದೆ ಹಿಡಿದ. "ಎಲ್ಲಾ ನೀನೇ ತಗೋ."

ನಬ್ರಾ ಅವನ್ನು ಮೂರು ಗುಂಪು ಮಾಡಿ, ಒಂದನ್ನಷ್ಟೇ ಮೇಲುವಸ್ತ್ರದ ಅಂಚಿಗೆ ಕಟ್ಟಿಕೊಂಡಳು.

"ನಿನ್ನ ಪಾಲು ನಂಗ್ಯಾಕೆ ಫಿಕ್ರಿ? ನಂದು ನಂಗೆ ಬಂತು, ಸಾಕು."

ಅವಳು ಹೋದಳು. ಅದು ಕ್ಷಮೆಯೋ, ಬರಿಯ ನ್ಯಾಯವೋ, ಅವನಿಗೆ ತಿಳಿಯಲಿಲ್ಲ... ಅಯ್ಯೋ ಮಾನವಹೃದಯವೇ! ಒಲವಿಗೂ ಒಂದು ದಿನ ಮುಪ್ಪು ಬಂದೀತು. ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ನುಂಗಿದ ಹೆಸರಿಗೆ ಮಾತ್ರ ಎಂದೂ ವಯಸ್ಸಾಗುವುದಿಲ್ಲ.