ಮಗಳ ಮಾತ್ರೆ ನುಂಗಿದ ಅಶ್ವಿನಿ

ಹುಣಸೆಹಣ್ಣಿನ ಕಾಲ ಬಂತೆಂದರೆ ಹುಲಿಕುಂಟೆಯ ಹೆಂಗಸರ ಕೈಗೆ ಬಿಡುವಿಲ್ಲ. ಜಗಲಿಯಲ್ಲಿ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುವುದೇ ಕೆಲಸ. ಈ ಸಲ ಎಲ್ಲರ ಬಾಯಲ್ಲೂ ನರಸಮ್ಮನ ಸೊಸೆ ಅಶ್ವಿನಿಯದೇ ಮಾತು. ಮೂರಾಳಿನ ಕೆಲಸ ಒಬ್ಬಳೇ ಮಾಡುತ್ತಾಳಂತೆ, ಊಟದ ಪರಿವೆಯೂ ಇಲ್ಲವಂತೆ. ನರಸಮ್ಮ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಹಿಗ್ಗು ಅತ್ತೆಯದು, ಸಂಕಟ ಸೊಸೆಯದು. ಅಶ್ವಿನಿಯ ಒಂಬತ್ತು ವರ್ಷದ ಮಗಳಿಗೆ ಒಂದು ಕಡೆ ಗಮನವಿಟ್ಟು ಕೂರಲು ಆಗುತ್ತಿರಲಿಲ್ಲ. ತುಮಕೂರಿನ ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಬರೆದುಕೊಟ್ಟಿದ್ದರು. ಆ ಮನೆಯಲ್ಲಿ ಒಬ್ಬರ ಮಾತ್ರೆ ಇನ್ನೊಬ್ಬರು ನುಂಗುವುದು ಹಳೆಯ ರೂಢಿ. ಮಾವನ ಕಾಲುನೋವಿನ ಮಾತ್ರೆಯೇ ಅತ್ತೆಯ ಸೊಂಟಕ್ಕೂ ಆಗುತ್ತಿತ್ತು. ಮಗುವಿಗೇ ಕೊಡುವ ಮಾತ್ರೆ ದೊಡ್ಡವರನ್ನು ಏನು ಮಾಡೀತು ಎಂದು ಅಶ್ವಿನಿ ಸುಸ್ತಾದ ದಿನ ಒಂದು ನುಂಗಿದಳು. ಕೈಗೆ ಚುರುಕು ಬಂತು. ಒಂದು ಎರಡಾಯಿತು, ಎರಡು ನಾಲ್ಕಾಯಿತು.

ಈಗ ನಿದ್ದೆಯಿಲ್ಲ, ಎದೆ ಡವಡವ. ಮಾತ್ರೆ ಬಿಟ್ಟ ದಿನ ಎದ್ದು ಕೂರಲೂ ಆಗದಂಥ ಬೇಸರ. ತಿಂಗಳ ಮಾತ್ರೆ ಹತ್ತೇ ದಿನಕ್ಕೆ ಮುಗಿಯಿತು. ಮಗಳು ಮಾತ್ರೆಯಿಲ್ಲದೆ ಶಾಲೆಗೆ ಹೋಗಿ, ಮೇಷ್ಟ್ರಿಂದ ಬೈಸಿಕೊಂಡು ಅಳುತ್ತಾ ಬಂದಳು. ಅಶ್ವಿನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆಶಾ ಕಾರ್ಯಕರ್ತೆ ಲೋಹಿತಾ ಮನೆಗೆ ಬಂದಾಗ ಅತ್ತೆಯ ಎದುರಿಗೇ ಎಲ್ಲ ಹೇಳಿಬಿಟ್ಟಳು.

ಮನಸ್ಸಿನ ಡಾಕ್ಟರಿಗೆ ತೋರಿಸಬೇಕು ಎಂದಳು ಲೋಹಿತಾ. ನರಸಮ್ಮ ನಂಬಲಿಲ್ಲ. "ಎಂಡ ಕುಡಿಯೋರ್ಗೆ ಚಟ ಅಂತಾರೆ. ಡಾಕ್ಟ್ರು ಕೊಟ್ಟ ಮಾತ್ರೆಗೆ ಎಂಥ ಚಟ ಕಣಮ್ಮ? ಹುಚ್ಚಿನ ಡಾಕ್ಟ್ರತ್ರ ಹೋದ್ರೆ ಊರೋರು ಸುಮ್ಕಿರ್ತಾರಾ?"

"ಡಾಕ್ಟ್ರು ಕೊಟ್ಟಿದ್ದು ನಿಮ್ ಮೊಮ್ಮಗಳಿಗೆ, ದೊಡ್ಡಮ್ಮ," ಎಂದಳು ಲೋಹಿತಾ. "ಅವಳಿಗೆ ಅದು ಔಷ್ದಿ. ಬೇರೆಯೋರು ಮನಸ್ಸಿಗೆ ಬಂದಂಗೆ ನುಂಗಿದ್ರೆ ಹಿಡ್ಕಂಬುಡ್ತದೆ. ಇದೂ ಒಂದು ಕಾಯ್ಲೆ, ಗುಣ ಆಯ್ತದೆ." ಶಿರಾ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುವ ದಿನ ಇವತ್ತೇ ಎಂದೂ ಹೇಳಿದಳು.

ನರಸಮ್ಮ ಮುಖ ತಿರುಗಿಸಿದಳು. ಅಶ್ವಿನಿ ಎದ್ದು ನಿಂತಳು.

"ಅತ್ತೆ, ನೀವು ಬಂದ್ರೂ ಹೋಯ್ತೀನಿ, ಬರ್ದಿದ್ರೂ ಹೋಯ್ತೀನಿ. ಊರೋರು ಹೊಗಳಿದ್ದು ನನ್ನಲ್ಲ, ಆ ಮಾತ್ರೇನ. ನಂಗೆ ನನ್ ಮಗಳು ಬೇಕು."

ನರಸಮ್ಮ ಸೊಸೆಯ ಕೈ ಹಿಡಿದು ನೋಡಿದಳು. ಬಳೆಗಳು ಮೊಣಕೈವರೆಗೂ ಜಾರಿದವು. ಇಷ್ಟು ದಿನ ಇದೇ ಕೈಯನ್ನು ಹೊಗಳಿದೆನಲ್ಲ ಎಂದು ತನ್ನನ್ನೇ ಹಳಿದುಕೊಂಡಳು. ತಾನೂ ಆಸ್ಪತ್ರೆಗೆ ಹೊರಡಲು ಸೀರೆ ಬದಲಿಸಲು ಒಳಗೆ ಹೋದಳು.

ಡಾಕ್ಟರು ಅಶ್ವಿನಿಯ ಎದೆ ಪರೀಕ್ಷಿಸಿ, ಬೈಯದೆ ಎಲ್ಲ ಕೇಳಿ, ಚಿಕಿತ್ಸೆ ಶುರುಮಾಡಿದರು. ಮೊದಲ ಎರಡು ವಾರ ಅಶ್ವಿನಿ ಅತ್ತಳು, ರೇಗಿದಳು, ಮಾತ್ರೆಗಾಗಿ ಒದ್ದಾಡಿದಳು. ಆದರೂ ಆಸ್ಪತ್ರೆ ತಪ್ಪಿಸಲಿಲ್ಲ. ಮಗಳ ಮಾತ್ರೆ ಈಗ ಅಜ್ಜಿಯ ಬೀಗದ ಪೆಟ್ಟಿಗೆಯಲ್ಲಿದೆ, ಡಾಕ್ಟರು ಹೇಳಿದ ಲೆಕ್ಕಕ್ಕೆ ಮಗುವಿಗಷ್ಟೇ ಸಿಗುತ್ತದೆ.

ಮೊನ್ನೆ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅದೇ ಊರಿನ ಚಿಕ್ಕಹನುಮಕ್ಕ ಎಲ್ಲಿಗೆ ಹೊರಟಿರಿ ಎಂದು ಕೇಳಿದಾಗ, ನರಸಮ್ಮ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು: "ಸೊಸೆಗೆ ಮಾತ್ರೆ ಚಟ ಹತ್ತಿತ್ತು, ಬುಡ್ಸಕ್ ಹೋಯ್ತಾ ಇದೀವಿ. ನಿಮ್ಮನೇಲೂ ಯಾರಾದ್ರೂ ಇದ್ರೆ ಹೇಳು, ಜೊತೇಲೇ ಹೋಗಣ."

ಕೇಳಿದಿರಲ್ಲ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ. ಪರೀಕ್ಷೆಗೆ ಓದುವುದಕ್ಕಾಗಲಿ, ಹೆಚ್ಚು ದುಡಿಯುವುದಕ್ಕಾಗಲಿ, ಇನ್ನೊಬ್ಬರ ಚೀಟಿಯ ಮಾತ್ರೆ ಮುಟ್ಟಬೇಡಿ. ಚಟ ಹತ್ತಿದ್ದರೆ ಮುಚ್ಚಿಡಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಬಿಡಿಗಾಸು ಖರ್ಚಿಲ್ಲ. ನಾಳೆ ಎನ್ನಬೇಡಿ, ಇವತ್ತೇ ಹೇಳಿ.