ಗಡಿಯಿಂದಾಚೆಗೆ ಒಂದು ಟಿಕೆಟ್

ಲಕ್ಸೆಂಬರ್ಗಿನಿಂದ ಥಿಯೊನ್‌ವಿಲ್‌ಗೆ ಹೊರಡುವ ಸಂಜೆಯ ರೈಲಿಗೆ ಎರಡು ಅಂತಸ್ತು. ವಿಚ್ಛೇದನವಾದಾಗ ಮೇಲಂತಸ್ತು ಸೊಲಾಂಜ್‌ಗೆ, ಕೆಳಗಿನದು ರೆಜಿಸ್‌ಗೆ ಎಂದಾಗಿತ್ತು. ಕೋರ್ಟಿನ ಕಾಗದದಲ್ಲಿ ಇದು ಇರಲಿಲ್ಲ. ಆದರೆ ಮನೆ, ನಾಯಿ, ಪಾತ್ರೆಪಡಗ ಎಲ್ಲವನ್ನೂ ಹಂಚಿಕೊಂಡವರು ರೈಲನ್ನೂ ಹಂಚಿಕೊಳ್ಳದಿದ್ದರೆ ದಿನಾ ಮುಖ ನೋಡಬೇಕಾಗುತ್ತಿತ್ತು. ಇಬ್ಬರ ವಾಸವೂ ಫ್ರಾನ್ಸಿನಲ್ಲಿ, ಇಬ್ಬರ ಸಂಬಳವೂ ಲಕ್ಸೆಂಬರ್ಗಿನಲ್ಲಿ. ಅವಳು ಕಟ್ಟುಹಲ್ಲು ಮಾಡುವ ಕಾರ್ಖಾನೆಯಲ್ಲಿದ್ದಳು, ಅವನದು ಲಿಫ್ಟ್ ರಿಪೇರಿ. ಆರು ವರ್ಷ ಒಪ್ಪಂದವನ್ನು ಇಬ್ಬರೂ ಚಾಚೂ ತಪ್ಪದೆ ಪಾಲಿಸಿದ್ದರು.

ಹಾಗಾಗಿ ನವೆಂಬರಿನ ಒಂದು ಗುರುವಾರ ಮೆಟ್ಟಿಲಿನ ಸಂದಿಯಿಂದ ರೆಜಿಸ್‌ನ ಬೋಳುತಲೆ ನಿಧಾನವಾಗಿ ಮೇಲೆದ್ದಾಗ, ಯಾರೋ ಸತ್ತಿದ್ದಾರೆ ಎಂದೇ ಸೊಲಾಂಜ್ ಅಂದುಕೊಂಡಳು.

"ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನನ್ನ ಜಾಕೆಟ್ ಹೋಯ್ತು."

"ಎಲ್ಲಿಗೆ?"

"ಏಳನೇ ಮಹಡಿಗೆ."

ಲಿಫ್ಟಿನ ಚಾವಣಿಯ ಮೇಲೆ ಜಾಕೆಟ್ ಬಿಚ್ಚಿಟ್ಟು ಅವನು ಕೆಲಸ ಮಾಡಿದ್ದ. ಇಳಿದು ಕೈ ತೊಳೆಯುವಷ್ಟರಲ್ಲಿ ಮೇಲಿನಿಂದ ಯಾರೋ ಗುಂಡಿ ಒತ್ತಿದ್ದರು. ಲಿಫ್ಟಿನ ಬಾಗಿಲು ತೆಗೆಯುವ ಕೀಲಿಯೂ ಜಾಕೆಟ್ಟಿನಲ್ಲೇ ಇತ್ತು. ಪಾಸು, ಪರ್ಸು, ಫೋನು, ಕಾರಿನ ಕೀ, ಮನೆ ಕೀ, ಒಂದೂ ಕೈಯಲ್ಲಿರಲಿಲ್ಲ.

"ಮತ್ತೆ ರೈಲು ಹೇಗೆ ಹತ್ತಿದೆ?"

"ಹತ್ತೋಕೇನು? ಈ ದೇಶದಲ್ಲಿ ರೈಲು ಪುಕ್ಕಟೆ. ಬೆಟೆಂಬೂರ್‌ವರೆಗೂ ನಾನು ಮರ್ಯಾದಸ್ಥ. ಗಡಿ ದಾಟಿದ ಮೇಲೆ ತಾನೆ ಕಳ್ಳ ಆಗೋದು."

ಸೊಲಾಂಜ್ ಅವನಿಗೆ ಕುಳಿತುಕೋ ಎನ್ನಲಿಲ್ಲ. ಆದರೆ ಪಕ್ಕದ ಸೀಟಿನಿಂದ ಚೀಲ ತೆಗೆದಳು. ಅಂದು ಮಗಳು ಅವಳ ಜೊತೆ ಮನೆಗೆ ಬರಬೇಕಿತ್ತು. ಗಡಿಯಿಂದಾಚೆಗಿನ ದಾರಿಗೆಂದು ಟಿಕೆಟನ್ನೂ ತಾಯಿ ತನ್ನ ಫೋನಿನಲ್ಲಿ ಕೊಂಡಿದ್ದಳು. ಕೊನೇ ಗಳಿಗೆಯಲ್ಲಿ ಮಗಳು, ಗೆಳತಿಯ ಮನೆಯಲ್ಲೇ ಉಳಿಯುತ್ತೇನೆ ಎಂದು ಸಂದೇಶ ಕಳಿಸಿದ್ದಳು. ಟಿಕೆಟ್ ಹಾಗೇ ಇತ್ತು. ಅದರ ಮೇಲೆ ಮಗಳ ಹೆಸರು: ಡೊಮಿನಿಕ್ ವೆರಿಶ್. ರೆಜಿಸ್ ಹಟ ಹಿಡಿದು ತನ್ನ ಅಪ್ಪನ ಹೆಸರನ್ನೇ ಮಗಳಿಗೆ ಇಟ್ಟಿದ್ದ. ಗಂಡಿಗೂ ಹೆಣ್ಣಿಗೂ ನಡೆಯುವ ಹೆಸರು ಎಂಬುದು ಅಂದಿನ ಅವನ ವಾದ. ಅದರಿಂದ ಮುಂದೊಂದು ದಿನ ಉಪಯೋಗವಾದೀತೆಂದು ಸೊಲಾಂಜ್ ಆಗ ನಂಬಿರಲಿಲ್ಲ.

"ಇವತ್ತು ನೀನು ಡೊಮಿನಿಕ್," ಎಂದಳು. "ಸುಮ್ನೆ ಕೂತಿರು. ಬಾಯಿ ಬಿಡಬೇಡ."

ಗಡಿಯ ಈಚೆಗಿನ ಕೊನೇ ನಿಲ್ದಾಣ ಬೆಟೆಂಬೂರ್ ಬಂತು, ಹೋಯಿತು. ಗಡಿಯೂ ದಾಟಿತು, ಅಲ್ಲಿ ಹೊಲ, ಹೊಲದ ಕತ್ತಲು ಬಿಟ್ಟರೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಟಿಕೆಟ್ ತಪಾಸಣೆಯ ಹೆಂಗಸು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಬಂದಳು. ಸೊಲಾಂಜ್‌ಳ ಪಾಸು ನೋಡಿದಳು, ಟಿಕೆಟ್ ನೋಡಿದಳು, ಕನ್ನಡಕ ಇಳಿಸಿ ರೆಜಿಸ್‌ನನ್ನೂ ನೋಡಿದಳು.

"ಡೊಮಿನಿಕ್ ಅವರು ನೀವೇನಾ ಸಾರ್?"

"ಹೌದು."

"ಇದು ಇಪ್ಪತ್ತಾರರ ಒಳಗಿನವರ ರಿಯಾಯಿತಿ ಟಿಕೆಟ್. ನಿಮ್ಮ ಹುಟ್ಟಿದ ತಾರೀಕು?"

ರೆಜಿಸ್ ತಡವರಿಸಲೇ ಇಲ್ಲ. "ಎರಡು ಸಾವಿರದ ಒಂದು, ಫೆಬ್ರವರಿ ಹನ್ನೊಂದು. ಭಾನುವಾರ. ಬೆಳಗಿನ ಜಾವ. ಹಿಮ ಬೀಳ್ತಿತ್ತು."

ಸೊಲಾಂಜ್ ಕಿಟಕಿಯಿಂದ ಮುಖ ತಿರುಗಿಸಿದಳು. ಮಗಳ ಹುಟ್ಟುಹಬ್ಬ ನೆನಪಿಲ್ಲದ ಮನುಷ್ಯ ಎಂದು ವಕೀಲರ ಮುಂದೆ ಹೇಳಿದವಳೇ ಅವಳು. ಒಂದು ವರ್ಷ ಮಾರ್ಚಿನಲ್ಲಿ ಕೇಕ್ ತಂದಿದ್ದ ಅವನು.

"ಹಿಮ ನೆನಪಿದೆಯಾ ಸಾರ್? ಹುಟ್ಟಿದ ದಿನಾನೇ ನೋಡ್ಬಿಟ್ರಾ?" ಎಂದಳು ಆ ಹೆಂಗಸು. "ಈ ವಯಸ್ಸಿಗೇ ನಿಮ್ಮನ್ನ ಬದುಕು ತುಂಬಾ ಗೋಳು ಹುಯ್ಕೊಂಡಿದೆ ಬಿಡಿ."

ರೆಜಿಸ್, ಹೌದು ಎಂಬಂತೆ ತಲೆಯಾಡಿಸಿದ. ಅವಳು ಬಿಟ್ಟು ಹೋಗುವ ಮನಸ್ಸಿನಲ್ಲಿದ್ದಳೇನೋ. ಮುಂದಿನ ಸೀಟಿನ ಕಡೆ ತಿರುಗಿಯೂ ಇದ್ದಳು. ಆಗ ಸೊಲಾಂಜ್ ಬಾಯಿ ತೆರೆದಳು.

"ಅದು ನಮ್ಮ ಮಗಳ ಟಿಕೆಟ್ ಮೇಡಂ. ಇವನು ಅವಳಪ್ಪ. ಪಾಸು ಲಿಫ್ಟಿನ ಮೇಲಿದೆ."

ರೆಜಿಸ್ ಅವಳನ್ನೇ ನೋಡಿದ. ತಪಾಸಣೆಯವಳಿಗೂ ಇದು ಬೇಕಾಗಿರಲಿಲ್ಲ ಎಂದು ಕಂಡಿತು. ನಿಟ್ಟುಸಿರು ಬಿಟ್ಟು ಯಂತ್ರ ತೆಗೆದಳು.

"ಮೊದಲೇ ಬಂದು ಕೇಳಿದ್ರೆ ಬರೀ ಟಿಕೆಟ್ ಆಗ್ತಿತ್ತು. ಈಗ ದಂಡಾನೂ ಹಾಕ್ಬೇಕು. ಇವರು ನಿಮಗೇನಾಗಬೇಕು?"

"ಹಿಂದೆ ಗಂಡ ಆಗಿದ್ದ."

"ದಂಡ ಯಾರು ಕಟ್ತೀರಿ?"

"ನಾನೇ," ಎಂದಳು ಸೊಲಾಂಜ್.

"ಹಿಂದೆ ಗಂಡ ಆಗಿದ್ದ ಅಂದ್ರಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಅವಳು ಚೀಟಿ ಹರಿದುಕೊಟ್ಟಳು. ಎಲ್ಲಿಂದ ಎಂಬಲ್ಲಿ 'ಗಡಿ' ಎಂದು ಅಚ್ಚಾಗಿತ್ತು. ಅಲ್ಲಿ ನಿಲ್ದಾಣವಿಲ್ಲ, ಯಾವ ರೈಲೂ ನಿಲ್ಲುವುದಿಲ್ಲ. ಆದರೆ ರೈಲ್ವೆಯವರ ಲೆಕ್ಕದಲ್ಲಿ ರೆಜಿಸ್ ಹತ್ತಿದ್ದು ಅಲ್ಲೇ.

ಥಿಯೊನ್‌ವಿಲ್‌ನಲ್ಲಿ ಅವನ ಕಾರು ಬೀಗ ಹಾಕಿಕೊಂಡು ನಿಂತಿತ್ತು. ಅವನ ಬಾಡಿಗೆ ಮನೆಯ ಇನ್ನೊಂದು ಕೀಲಿ ಮಾಲೀಕಳ ಬಳಿ. ಸೊಲಾಂಜ್‌ಳ ಫೋನಿನಿಂದ ವಿಚಾರಿಸಿದರೆ, ಚರ್ಚಿನ ಹಾಡುಮೇಳದ ಅಭ್ಯಾಸದಲ್ಲಿದ್ದೇನೆ, ಮುಗಿಸಿಯೇ ಬರುವುದು ಎಂದಳು. ಸೊಲಾಂಜ್ ತನ್ನ ಕಾರಿನ ಬಾಗಿಲು ತೆರೆದಳು.

ಒಂದು ಕಾಲಕ್ಕೆ ತನ್ನದೇ ಆಗಿದ್ದ ಅಡುಗೆಮನೆಯಲ್ಲಿ ರೆಜಿಸ್ ಅತಿಥಿಯ ಹಾಗೆ ಕುರ್ಚಿಯ ಅಂಚಿನಲ್ಲಿ ಕುಳಿತ. ನೀರಿನ ಲೋಟ ಯಾವ ಕಪಾಟಿನಲ್ಲಿದೆ ಎಂದು ಗೊತ್ತಿದ್ದರೂ ಕೇಳಿದ. ಸೊಲಾಂಜ್ ಹಿಂದಿನ ದಿನದ ಬೇಳೆ ಸಾರು ಬಿಸಿ ಮಾಡಿ, ಸಾಸೇಜ್ ಹಾಕಿ, ಬ್ರೆಡ್ ಜೊತೆ ಮುಂದಿಟ್ಟಳು.

ಅರ್ಧ ತಟ್ಟೆ ಖಾಲಿಯಾದ ಮೇಲೆ ಅವನು ಕೇಳಿದ. "ಆ ಟಿಕೆಟ್‌ನವಳು ಹೋಗ್ತಾ ಇದ್ದಳಲ್ಲ. ಯಾಕೆ ಹೇಳಿದೆ?"

ಸೊಲಾಂಜ್ ಒಲೆ ಒರೆಸುತ್ತಿದ್ದಳು. "ಜನ್ಮದಲ್ಲಿ ಒಂದು ಸಲ ನೀನು ಆ ತಾರೀಕು ಸರಿಯಾಗಿ ಹೇಳಿದ್ದೆ. ಅದೂ ಸುಳ್ಳಿಗೇ ಖರ್ಚಾಗೋದು ಬೇಡ ಅನ್ನಿಸ್ತು."

ಅವನು ಚಮಚ ಕೆಳಗಿಟ್ಟ. "ತಾರೀಕು ಯಾವತ್ತೂ ಮರೆತಿರಲಿಲ್ಲ. ಅಂಗಡಿಗೆ ಹೋಗೋದು ಮರೀತಿದ್ದೆ."

"ಅದನ್ನೇ ಆಗ ಹೇಳಬಹುದಿತ್ತು."

"ನೀನು ವಕೀಲರನ್ನ ಕರ್ಕೊಂಡು ಬಂದಿದ್ದೆ. ಅಂಥ ಮಾತು ಅವರ ಮುಂದೆ ಹೇಳೋಕಾಗುತ್ತಾ?"

ಅವಳು ಇನ್ನೊಂದು ಸೌಟು ಬಡಿಸಿದಳು. ಅವನು ಬೇಡ ಎನ್ನಲಿಲ್ಲ. ಅಭ್ಯಾಸ ಮುಗಿದಿದೆ ಎಂದು ಮಾಲೀಕಳ ಕರೆ ಬಂದಾಗ ಸೊಲಾಂಜ್ ಫೋನೆತ್ತಿ, ಇನ್ನೂ ಊಟ ಮಾಡುತ್ತಿದ್ದಾರೆ, ತಡವಾಗುತ್ತದೆ ಎಂದಳು. ಆಮೇಲೆ ಎದುರಿನ ಕುರ್ಚಿ ಎಳೆದು ತಾನೂ ಒಂದು ತಟ್ಟೆ ಹಾಕಿಕೊಂಡಳು.