ಎದೆಗೆ ಹೋಗದ ಉಸಿರು

"ಉಸಿರು ತಗೊಂಡಿದ್ದೇನೋ ತಗೊಂಡ್ರು. ಹೋಯ್ತೆಲ್ಲಿಗೆ?"

ಟೆಕ್ನಿಷಿಯನ್ ಕೇಳಿದ್ದು ಯಾರನ್ನೂ ಅಲ್ಲ. ಪಕ್ಕದಲ್ಲಿ ನಾನು ನಿಂತಿದ್ದರೂ ಆಕೆಯ ಕಣ್ಣು ಪರದೆಯ ಮೇಲಿತ್ತು. ದಪ್ಪ ಗೋಡೆಯಾಚೆ, ರೇಡಿಯೇಷನ್ ಯಂತ್ರದ ಕೆಳಗೆ, ಎರಡೂ ಕೈ ತಲೆಯ ಮೇಲೆತ್ತಿಕೊಂಡು ನನ್ನ ಅಕ್ಕ ಮಲಗಿದ್ದಳು. ಎಡ ಸ್ತನದ ಗಂಟು ತೆಗೆದು ಗಾಯ ಮಾಗಿತ್ತು. ಇನ್ನು ಕಿರಣದ ಸರದಿ. ಎಡಗಡೆಯಾದ್ದರಿಂದ ಹೃದಯ ಪಕ್ಕದಲ್ಲೇ. ಎದೆ ತುಂಬ ಉಸಿರೆಳೆದು ಹಿಡಿದರೆ ಸ್ತನ ಮೇಲೆದ್ದು ಹೃದಯದಿಂದ ದೂರ ಸರಿಯುತ್ತದೆ. ಸರಿಯದಿದ್ದರೆ ಹೃದಯಕ್ಕೂ ಒಂದು ಪಾಲು.

ಉಸಿರಿನ ವಿಷಯದಲ್ಲಿ ಅಕ್ಕನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಪದ್ಯ ವಾಚನ ಕಲಿಸುವುದೇ ಅವಳ ಕಸುಬು. ಉದ್ದನೆಯ ಪದ್ಯವನ್ನು ಎಲ್ಲೂ ಕಡಿಯದೆ ಒಂದೇ ಉಸಿರಿಗೆ ಮುಗಿಸುತ್ತಾಳೆ. ಉಸಿರು ಮಿಕ್ಕರೆ ಯಾರನ್ನಾದರೂ ಬಯ್ಯುತ್ತಾಳೆ. ಹೆಚ್ಚಾಗಿ ನನ್ನನ್ನು.

"ಅಮ್ಮಾ, ಇನ್ನೊಂದ್ಸಲ. ಎಳೀರಿ... ಹಿಡ್ಕೊಳ್ಳಿ," ಎಂದಳು ಟೆಕ್ನಿಷಿಯನ್ ಮೈಕಿನಲ್ಲಿ.

ಪರದೆಯಲ್ಲಿ ಉಸಿರಿನ ಗೆರೆ ಒಂಚೂರು ಎದ್ದು ನಿಂತುಬಿಟ್ಟಿತು. ಮೇಲೆ ಹಸಿರು ಪಟ್ಟಿ ಖಾಲಿ. ಗೆರೆ ಅದರೊಳಗೆ ಬರದೆ ಕಿರಣ ಹೊರಡುವುದಿಲ್ಲ. ಆಕೆ ಎಕ್ಸ್‌ರೇ ತೆಗೆದು ನೋಡಿದಳು. ಹೃದಯದ ಅಂಚು ಕಿರಣದ ಗಡಿ ದಾಟಿ ಕೂತಿತ್ತು, ಬಸ್ಸಿನಲ್ಲಿ ಪಕ್ಕದವರ ಸೀಟಿಗೂ ಹರಡಿಕೊಳ್ಳುವವರ ಹಾಗೆ.

"ಬಿಡಿ, ಅಮ್ಮಾ."

"ಇನ್ನೂ ಹಿಡೀತಿದ್ದೆ," ಎಂದಿತು ಸ್ಪೀಕರಿನಲ್ಲಿ ಅಕ್ಕನ ದನಿ. "ನೀವೇ ಅವಸರ ಮಾಡಿದ್ರಿ."

ಕ್ಯಾಮೆರಾದಲ್ಲಿ ಅವಳ ಹೊಟ್ಟೆ ಇಳಿಯುವುದು ಕಂಡಿತು.

"ಹೊಟ್ಟೆಗೆ ತಗೋತಿದಾಳೆ," ಎಂದೆ. ಅದು ಅವಳ ಮೊದಲ ಪಾಠ: ಉಸಿರು ಹೊಟ್ಟೆಗೆ, ಎದೆ ಅಲುಗಬಾರದು. ಜೀವಮಾನವಿಡೀ ಎದೆ ಎತ್ತಿ ಬೈಸಿಕೊಂಡವಳು ನಾನು.

"ಹಾಗಾದ್ರೆ ನೀವೇ ಹೇಳ್ಕೊಡಿ. ಇವತ್ತೂ ಆಗ್ಲಿಲ್ಲ ಅಂದ್ರೆ ಡಾಕ್ಟರು ಉಸಿರು ಹಿಡಿಸದೇ ಕೊಡೋಣ ಅಂತಾರೆ."

ಆಸ್ಪತ್ರೆಯ ಗೌನಿನಲ್ಲೇ ಅಕ್ಕ ಹೊರಗಿನ ಬೆಂಚಿಗೆ ಬಂದಳು.

"ಎದೆ ಎತ್ತು," ಎಂದೆ.

"ಎತ್ತಿದೀನಲ್ಲ."

"ಅದು ಹೊಟ್ಟೆ."

"ನನ್ನ ಹೊಟ್ಟೆ ಎಲ್ಲಿದೆ ಅಂತ ನೀನು ತೋರಿಸ್ಬೇಕಾ?"

"ಟೈಲರ್ ಟೇಪ್ ಹಿಡಿದಾಗ ಹೊಟ್ಟೆ ಒಳಗೆಳ್ಕೋತೀವಲ್ಲ, ಹಾಗೆ ಮಾಡು. ಉಸಿರು ತಾನೇ ಮೇಲೆ ಬರುತ್ತೆ."

ಮಾಡಿದಳು. ಮುಖ ಕಿವುಚಿದಳು. "ಥೂ, ಅಸಹ್ಯ."

"ಅಸಹ್ಯವಾಗೇ ಮಾಡು."

ಅವಳ ಎದೆಯ ಮೇಲ್ಭಾಗಕ್ಕೆ ಅಂಗೈ ಇಟ್ಟೆ. ಒಳಗೆ ಹೃದಯ ಓಡಿಬಂದವರದ್ದರಂತೆ ಬಡಿಯುತ್ತಿತ್ತು.

"ಇದು ಸುಟ್ಟುಹೋಗಲ್ಲ ತಾನೇ?" ಎಂದಳು, ಪಕ್ಕದ ಬೆಂಚಿಗೆ ಕೇಳದಷ್ಟು ಮೆಲ್ಲಗೆ.

"ಎದೆ ಎತ್ತಿದ್ರೆ ಇಲ್ಲ ಅಕ್ಕ."

ಮತ್ತೆ ಒಳಗೆ ಹೋದಳು. ನಾನು ಪರದೆಯ ಮುಂದೆ ನಿಂತು ಮನಸ್ಸಿನಲ್ಲೇ ದೇವರನ್ನು ನೆನೆದೆ. ಬಾಯಿಬಿಟ್ಟು ನೆನೆದರೆ ಉಚ್ಚಾರ ತಿದ್ದುವವಳು ಗೋಡೆಯಾಚೆ ಇದ್ದಳು, ಅವಳಿಗೆ ಕೇಳಿಸುತ್ತಿರಲಿಲ್ಲ; ಆದರೂ ಅಭ್ಯಾಸ. ಗೆರೆ ಏರಿತು, ತಡವರಿಸಿತು, ಹಸಿರು ಪಟ್ಟಿಯೊಳಗೆ ಹೋಗಿ ನಿಂತಿತು. ಎಕ್ಸ್‌ರೇಯಲ್ಲಿ ಹೃದಯ ಹಿಂದೆ ಸರಿದಿತ್ತು. ಅದಕ್ಕೂ ಕಿರಣದ ಗಡಿಗೂ ನಡುವೆ ಬರೀ ಗಾಳಿ ತುಂಬಿದ ಶ್ವಾಸಕೋಶ. ಯಂತ್ರ ಗುಂಯ್ ಎಂದಿತು.

"ನಾಳೇನೂ ಹೀಗೇ ಎತ್ತಿ ಅಮ್ಮಾ," ಎಂದಳು ಟೆಕ್ನಿಷಿಯನ್.

ಅಕ್ಕ ಗುಂಡಿ ಹಾಕಿಕೊಳ್ಳುತ್ತ ಹೊರಬಂದಳು. ಎದೆ ಆಗಲೇ ಎಂದಿನಂತೆ ನಿಶ್ಚಲ.

"ಅಕ್ಕಾ, ಇನ್ಮೇಲಾದ್ರೂ ಎಲ್ಲರೆದುರು ನನ್ನ ಉಸಿರನ್ನ ಬಯ್ಬೇಡ ಕಣೇ."

"ಬಯ್ದೇ ಬಯ್ತೀನಿ," ಎಂದಳು.